ಇನ್ನೂ ನಿರ್ಧರಿಸದ ಎಲ್ಸ್‌ಪೆತ್ ಮತ್ತು ಎಂಬತ್ತಾರನೇ ನಂಬರಿನ ಬಸ್ಸು

ಎರಡು ಸಾವಿರದ ಹದಿನಾಲ್ಕನೇ ಇಸವಿ ಆಗಸ್ಟ್ ತಿಂಗಳ ಕೊನೆಯ ವಾರದಲ್ಲಿ, ಆಕ್ಟರ್‌ಬೆಗ್ ಗ್ರಾಮದಲ್ಲಿ ಸ್ಕಾಟ್‌ಲೆಂಡಿನ ಸ್ವಾತಂತ್ರ್ಯದ ಮೇಲೆ ಮುಂದಿನ ತಿಂಗಳು ನಡೆಯಲಿದ್ದ ಜನಮತಗಣನೆಯ ಬಗ್ಗೆ ಇನ್ನೂ ನಿರ್ಧಾರಕ್ಕೆ ಬಾರದ ಮತದಾರರ ಸಂಖ್ಯೆ ಒಂದು ಎಂದು ಅಧಿಕೃತವಾಗಿ ದೃಢಪಟ್ಟಿತು.

ಈ ಒಬ್ಬರು ಶ್ರೀಮತಿ ಎಲ್ಸ್‌ಪೆತ್ ಟುಲ್ಲಕ್, ವಯಸ್ಸು ಅರವತ್ತೆಂಟು, ಶಾಲೆಯ ಅಡುಗೆಮನೆಯಿಂದ ನಿವೃತ್ತರು. ಲಂಡನ್ನಿನ ಆಳ್ವಿಕೆಯಿಂದ ಹೊರಬರೋಣ ಎನ್ನುವ ಹೌದು ಪಕ್ಷದವರೂ ಅದು ಬೇಡ ಎನ್ನುವ ಬೇಡ ಪಕ್ಷದವರೂ ಸೇರಿ ಮನೆಮನೆ ಸಮೀಕ್ಷೆ ನಡೆಸಿದ ಮಂಗಳವಾರ ಆಕೆಯ ಬಾಗಿಲು ಬಡಿದಾಗ ಯಾರೂ ತೆರೆಯಲಿಲ್ಲ. ಸಮೀಕ್ಷೆಯ ಹಾಳೆ ಅಗಲ ಸಾಲದೆ 'ಮನೆಯಲ್ಲಿಲ್ಲ' ಮತ್ತು 'ನಿರ್ಧರಿಸಿಲ್ಲ' ಎಂಬ ಎರಡಕ್ಕೂ ಒಂದೇ ಕಾಲಮು ಇಟ್ಟಿದ್ದರು. ಅಲ್ಲಿಗೆ ಆಕೆಯ ರಾಜಕೀಯ ನಿಲುವು ಇತ್ಯರ್ಥವಾಯಿತು.

ನಿಜ ಹೇಳಬೇಕೆಂದರೆ ಎಲ್ಸ್‌ಪೆತ್ ಜೂನ್ ತಿಂಗಳಲ್ಲೇ, ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾ, ನಿರ್ಧಾರ ಮಾಡಿಯಾಗಿತ್ತು. ಏನು ನಿರ್ಧಾರ ಎಂದು ಇಲ್ಲಿ ಬರೆಯುವಂತಿಲ್ಲ. ಈ ಕಥೆ ಹೇಳುವವರೂ ಎಂಬತ್ತಾರನೇ ನಂಬರಿನ ಬಸ್ಸಿನಲ್ಲೇ ಓಡಾಡಬೇಕು.

ಆ ಬಸ್ಸು ಮಂಗಳವಾರ ಮತ್ತು ಶುಕ್ರವಾರ ಮಾತ್ರ ಬರುತ್ತದೆ. ಹನ್ನೊಂದು ಮೈಲಿ ಆಚೆಯ ಸ್ಟ್ರಾತ್‌ಬೂಯಿ ಪೇಟೆಗೆ ಹೋಗುತ್ತದೆ. ಅಲ್ಲಿನ ಆರೈಕೆ ಮನೆಯಲ್ಲಿ ಎಲ್ಸ್‌ಪೆತಳ ಅಕ್ಕ ನೆಟ್ಟಾ ಇದ್ದಾಳೆ. ಸೊಂಟ ಮುರಿದ ಮೇಲೆ ಕಾಲು ಹೋಯಿತು, ಬಾಯಿ ಮಾತ್ರ ಮೊದಲಿಗಿಂತ ಜೋರಾಯಿತು. ಅಕ್ಕತಂಗಿಯರು ಅರವತ್ತೆಂಟು ವರ್ಷದಲ್ಲಿ ಒಬ್ಬರಿಂದೊಬ್ಬರು ಏನನ್ನೂ ಮುಚ್ಚಿಟ್ಟವರಲ್ಲ. ವಾರಕ್ಕೆ ಎರಡು ಸಲ ಜಗಳ ಆಡದಿದ್ದರೆ ಇಬ್ಬರಿಗೂ ಉಂಡದ್ದು ಅರಗುವುದಿಲ್ಲ. ಹೀಗಿರುವಾಗ ಜುಲೈನಲ್ಲಿ ಜಿಲ್ಲಾ ಕೌನ್ಸಿಲ್ಲಿನಿಂದ ಕಾಗದ ಬಂತು: ಪ್ರಯಾಣಿಕರ ಕೊರತೆಯಿಂದ ಮಾರ್ಗ ಸಂಖ್ಯೆ ಎಂಬತ್ತಾರನ್ನು ಸೆಪ್ಟೆಂಬರ್ ಮೂವತ್ತರಿಂದ ರದ್ದುಪಡಿಸಲಾಗುವುದು. ಎಲ್ಸ್‌ಪೆತಳ ಬಳಿ ಕಾರಿಲ್ಲ, ಇದ್ದರೂ ಓಡಿಸಲು ಬರುವುದಿಲ್ಲ. ಕಾಗದ ಓದಿ ಅವಳು ಅಡುಗೆಮನೆಯಲ್ಲಿ ಕೂತು ಅತ್ತಳು.

ಗ್ರಾಮ ಸಭಾಂಗಣ ಸಮಿತಿಯ ಅಧ್ಯಕ್ಷ ಶ್ರೀ ಕ್ರಾಂಬಿಯವರು ಸಮೀಕ್ಷೆಯ ಫಲಿತಾಂಶ ಹಿಡಿದು ಬಂದಾಗ ಅವಳು ಸತ್ಯ ಹೇಳಲು ಬಾಯಿ ತೆರೆದದ್ದು ಹೌದು.

"ಶ್ರೀಮತಿ ಟುಲ್ಲಕ್, ನೀವಿದ್ದೀರಿ ಅಂತ ನಾನು ಉಸಿರಾಡ್ತಿದೀನಿ," ಎಂದರು ಕ್ರಾಂಬಿ. "ನಿಯಮ ಹದಿನಾಲ್ಕು ಗೊತ್ತಲ್ಲ? ಚರ್ಚೆ ಅಂತ ಸಭಾಂಗಣ ಕೊಡಬೇಕಾದರೆ, ಕೇಳಿ ಮನಸ್ಸು ಬದಲಾಯಿಸಬಲ್ಲ ಒಬ್ಬರಾದರೂ ಇರಬೇಕು. ಇಲ್ಲದಿದ್ದರೆ ಅದು ಚರ್ಚೆಯಲ್ಲ, ಒಂದೇ ಕೋಣೆಯಲ್ಲಿ ನಡೆಯೋ ಎರಡು ಸಭೆ. ಎರಡು ಬಾಡಿಗೆ ಆಗತ್ತೆ."

"ಚರ್ಚೆಯಲ್ಲಿ ನಾನು ಪ್ರಶ್ನೆ ಕೇಳಬಹುದಾ?"

"ಅಯ್ಯೋ, ಕೇಳೋ ಅಧಿಕಾರ ಇರೋದೇ ನಿಮಗೊಬ್ಬರಿಗೆ!"

ಎಲ್ಸ್‌ಪೆತ್ ತೆರೆದ ಬಾಯಿ ಮುಚ್ಚಿದಳು. "ಹೂಂ, ಯೋಚಿಸ್ತಾ ಇದೀನಿ," ಎಂದಳು.

ಸೆಪ್ಟೆಂಬರ್ ಮೂರರಂದು ಮಧ್ಯಾಹ್ನ ಚರ್ಚೆ ನಡೆಯಿತು. ಬಲಕ್ಕೆ ಹೌದು ಪಕ್ಷ, ಎಡಕ್ಕೆ ಬೇಡ ಪಕ್ಷ, ನಡುವೆ ಒಂದು ಕುರ್ಚಿ, ಕುರ್ಚಿಯ ಮೇಲೆ ಎಲ್ಸ್‌ಪೆತ್. ಸಭಾಂಗಣ ನಿಷ್ಪಕ್ಷಪಾತ ಸ್ಥಳವಾದ್ದರಿಂದ ಚಹಾದ ಜೊತೆಗಿನ ತಿಂಡಿಯೂ ಎರಡೂ ಕಡೆ ಸಮವಾಗಿರಬೇಕು. ಬೇಡ ಪಕ್ಷದವರು ಲೆಕ್ಕ ತಪ್ಪಿ ಒಂದು ಜಾಮ್ ಕೇಕು ಹೆಚ್ಚಿಗೆ ತಂದಿದ್ದರು. ಸಮಿತಿ ಅಲ್ಲೇ ತುರ್ತು ಸಭೆ ಸೇರಿ, ಹೆಚ್ಚುವರಿ ಕೇಕು ನಿರ್ಧರಿಸದವರ ಪಾಲು ಎಂದು ಠರಾವು ಮಾಡಿ, ಅದನ್ನು ಎಲ್ಸ್‌ಪೆತಳ ತೊಡೆಯ ಮೇಲಿಟ್ಟಿತು.

ಹೌದು ಪಕ್ಷದ ಪರವಾಗಿ ಮಾಂಸದಂಗಡಿಯ ಡೂಗಲ್ಡ್ ಎದ್ದು ನಿಂತ. ಅವನು ಸಾಸೇಜಿಗೂ ಪಕ್ಷದ ನೀಲಿ ರಿಬ್ಬನ್ನು ಕಟ್ಟಿ ಮಾರುತ್ತಿದ್ದ ಕಾಲ ಅದು.

"ಸಮುದ್ರದ ಎಣ್ಣೆ ನಮ್ಮದು, ಗಾಳಿ ನಮ್ಮದು, ವಿಸ್ಕಿ ನಮ್ಮದು. ಯಜಮಾನಿಕೆ ಮಾತ್ರ ಲಂಡನ್ನಿನವರದ್ದು! ನಾವು ಓಟು ಹಾಕೋದು ಒಬ್ಬರಿಗೆ, ಆಳೋದು ಇನ್ನೊಬ್ಬರು. ಅಣುಬಾಂಬಿನ ಸಬ್‌ಮರೀನು ತಂದು ನಮ್ಮ ಹಿತ್ತಲಲ್ಲಿ ನಿಲ್ಲಿಸಿದಾರೆ. ಅಷ್ಟು ಚೆನ್ನಾಗಿದ್ದರೆ ಅವರ ನದಿಯಲ್ಲೇ ನಿಲ್ಲಿಸಿಕೊಳ್ಳಲಿ ನೋಡೋಣ!"

ಬೇಡ ಪಕ್ಷದ ನಿವೃತ್ತ ಶಿಕ್ಷಕಿ ವಿಲ್ಮಾ ಟೆನೆಂಟ್ ಕನ್ನಡಕ ಸರಿಮಾಡಿಕೊಂಡರು. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು ಅವರೇ, ಡೂಗಲ್ಡನಿಗೂ.

"ಡೂಗಲ್ಡ್, ನೀನು ಭಾಗಾಕಾರ ಬಾರದೆ ಬೆಂಚಿನ ಮೇಲೆ ಕೂತು ಗೊಳೋ ಅಂತ ಅತ್ತವನು. ಈಗ ಸಮುದ್ರದ ಎಣ್ಣೆಯನ್ನ ಐವತ್ತು ಲಕ್ಷ ಜನಕ್ಕೆ ಭಾಗ ಮಾಡೋಕೆ ಹೊರಟಿದೀಯ. ನಾಳೆ ಯಾವ ದುಡ್ಡು ಇಟ್ಕೋತೀಯಪ್ಪ? ಪೌಂಡು ಕೊಡಲ್ಲ ಅಂತ ಲಂಡನ್ನಿನವರು ಅಂದಿದಾರಲ್ಲ?"

"ಪೌಂಡು ಅವರಪ್ಪನ ಮನೆಯದಾ ಟೀಚರ್?"

"ನನ್ನ ಪೆನ್ಷನ್ನಂತೂ ನಿನ್ನಪ್ಪನ ಮನೆಯದಲ್ಲ. ಮೊಮ್ಮಕ್ಕಳು ಗಡಿಯಾಚೆ ಇದಾರೆ. ಅವರನ್ನ ನೋಡೋಕೆ ಪಾಸ್‌ಪೋರ್ಟ್ ಹಿಡ್ಕೊಂಡು ಸಾಲಲ್ಲಿ ನಿಲ್ಲಬೇಕಾ ನಾನು?"

"ಐರ್ಲೆಂಡೂ ಬೇರೆ ದೇಶ ತಾನೇ, ಅಲ್ಲಿಗೆ ಹೋಗುವಾಗ ನಿಂತಿದ್ರಾ? ಸುಮ್ಮನೆ ಹೆದರಿಸ್ತೀರಿ!"

"ನೀನು ಸುಮ್ಮನೆ ಆಸೆ ಹುಟ್ಟಿಸ್ತೀಯ!"

ಇಬ್ಬರ ಮಾತಿನಲ್ಲೂ ತಪ್ಪು ಎಲ್ಲೆಲ್ಲಿದೆ ಎಂದು ಎಲ್ಸ್‌ಪೆತಳಿಗೆ ಚೆನ್ನಾಗಿ ಗೊತ್ತಿತ್ತು. ನಾಲಿಗೆ ತುರಿಸುತ್ತಿತ್ತು. ಹಲ್ಲು ಕಚ್ಚಿಕೊಂಡು ಕೈ ಎತ್ತಿದಳು.

"ಬಸ್ಸು ಇರತ್ತಾ?"

"ಸ್ವತಂತ್ರ ಸ್ಕಾಟ್‌ಲೆಂಡಿನಲ್ಲಿ ಗ್ರಾಮೀಣ ಸಂಪರ್ಕ ಅನ್ನೋದು..." ಎಂದು ಡೂಗಲ್ಡ್ ಶುರು ಮಾಡಿದ.

"ನಾನು ಗ್ರಾಮೀಣ ಸಂಪರ್ಕ ಕೇಳಲಿಲ್ಲ ಡೂಗಲ್ಡ್. ಎಂಬತ್ತಾರು ಕೇಳ್ದೆ."

"ಈಗ ಒಕ್ಕೂಟದಲ್ಲಿರೋ ನಾಲ್ಕು ರಾಷ್ಟ್ರಗಳ ಸಂಪನ್ಮೂಲ ಒಂದಾಗಿದ್ದರೆ..." ಎಂದರು ವಿಲ್ಮಾ.

"ವಿಲ್ಮಾ, ನಾಲ್ಕು ರಾಷ್ಟ್ರ ಸೇರಿ ಒಂದು ಬಸ್ಸು ಬಿಡೋಕಾಗತ್ತೋ ಇಲ್ವೋ?"

ವಿಲ್ಮಾ ಕನ್ನಡಕ ತೆಗೆದು ಒರೆಸತೊಡಗಿದರು. "ಹಾಗಾದ್ರೆ ನನಗೆ ನಿರ್ಧಾರ ಮಾಡೋಕಾಗ್ತಿಲ್ಲ," ಎಂದು ಎಲ್ಸ್‌ಪೆತ್ ಕೇಕು ಎತ್ತಿಕೊಂಡು ಮನೆಗೆ ಹೋದಳು.

ಒಂದೇ ಒಂದು ಓಟು ಕೈತಪ್ಪುತ್ತಿದೆ ಎಂದರೆ ಯಾವ ಪಕ್ಷ ಸುಮ್ಮನಿರುತ್ತದೆ, ನೀವೇ ಹೇಳಿ. ಹೌದು ಪಕ್ಷ ಕೌನ್ಸಿಲ್ಲಿಗೆ ಬರೆಯಿತು. ಅದು ಬರೆದಿದೆ ಎಂದು ತಿಳಿದ ಬೇಡ ಪಕ್ಷ ಅದಕ್ಕಿಂತ ಉದ್ದದ ಕಾಗದ ಬರೆಯಿತು. ಆರು ದಿನಗಳಲ್ಲಿ, ಕೌನ್ಸಿಲ್ಲಿನ ಇತಿಹಾಸದಲ್ಲೇ ಮೊದಲ ಸಲ, ಉತ್ತರ ಬಂತು. ಸಭಾಂಗಣದ ಹಲಗೆಗೆ ಅಂಟಿಸಿದ ಆ ಆದೇಶದ ಪೂರ್ಣ ಪಾಠ ಹೀಗಿದೆ:

"ಮತದಾನದ ಪೂರ್ವಾವಧಿಯಲ್ಲಿ ಮತದಾರರ ಮನಸ್ಸಿನ ಮೇಲೆ ಪ್ರಭಾವ ಬೀರಬಹುದಾದ ಯಾವುದೇ ತೀರ್ಮಾನವನ್ನು ಸಾರ್ವಜನಿಕ ಕಚೇರಿಗಳು ಕೈಗೊಳ್ಳತಕ್ಕದ್ದಲ್ಲ. ಸದರಿ ಗ್ರಾಮದಲ್ಲಿ ಪ್ರಭಾವಕ್ಕೆ ಒಳಗಾಗಬಲ್ಲ ಮನಸ್ಸು ಒಂದೇ ಉಳಿದಿರುವುದು ದಾಖಲೆಗಳಿಂದ ಕಂಡುಬಂದಿರುತ್ತದೆ. ಸದರಿ ಮನಸ್ಸು ಸದರಿ ಬಸ್ಸನ್ನು ಅವಲಂಬಿಸಿರುವುದರಿಂದ, ಸದರಿ ಮನಸ್ಸು ನಿರ್ಧಾರಕ್ಕೆ ಬರುವವರೆಗೆ ಸದರಿ ಬಸ್ಸನ್ನು ಮುಂದುವರಿಸತಕ್ಕದ್ದು."

ಊರು ಇದನ್ನು ಒಂದು ಸಲ ಓದಿತು. ಆಮೇಲೆ ಇನ್ನೊಂದು ಸಲ ನಿಧಾನವಾಗಿ ಓದಿತು. ಮತದಾನ ಮುಗಿಯುವವರೆಗೆ ಎಂದು ಬರೆದಿರಲಿಲ್ಲ. ಮನಸ್ಸು ನಿರ್ಧಾರಕ್ಕೆ ಬರುವವರೆಗೆ ಎಂದು ಬರೆದಿತ್ತು.

ಮರುದಿನ ಬೆಳಗ್ಗೆಯೇ ಡೂಗಲ್ಡ್ ಎಲ್ಸ್‌ಪೆತಳ ಬಾಗಿಲಲ್ಲಿ ನಿಂತಿದ್ದ.

"ಎಲ್ಸ್‌ಪೆತಕ್ಕಾ, ಹೋದ ವಾರ ಒಂದು ಕರಪತ್ರ ಕೊಟ್ಟಿದ್ನಲ್ಲ, ಓದಿದ್ರಾ?"

"ಇಲ್ಲಪ್ಪ, ಟೀಪಾಟಿನ ಕೆಳಗಿದೆ."

"ದೇವರು ದೊಡ್ಡವನು. ವಾಪಸ್ ಕೊಡಿ. ಅದು ಭಾರಿ ಚೆನ್ನಾಗಿದೆ, ಓದಿದವರೆಲ್ಲ ಒಪ್ಪಿಬಿಡ್ತಾರೆ." ಕರಪತ್ರ ಜೇಬಿಗಿಟ್ಟುಕೊಂಡ. ಅವನ ಹೆಂಡತಿ ಪೇಟೆಯ ಆಸ್ಪತ್ರೆಗೆ ಎಂಬತ್ತಾರರಲ್ಲೇ ಹೋಗುತ್ತಾಳೆ. "ಸ್ವಾತಂತ್ರ್ಯ ಬೇಕು ಅಕ್ಕಾ, ಪ್ರಾಣ ಹೋದರೂ ಬೇಕು. ಆದರೆ ನಿಮ್ಮಿಂದ ಬೇಡ."

ಅವನು ಗೇಟು ದಾಟುವಷ್ಟರಲ್ಲಿ ವಿಲ್ಮಾ ಬಂದರು. ಅವರಿಗೆ ಹಲ್ಲಿನ ಡಾಕ್ಟರು ಪೇಟೆಯಲ್ಲಿ.

"ಅವನು ಏನಾದರೂ ತಲೆಗೆ ತುಂಬಿದ್ನಾ ಎಲ್ಸ್‌ಪೆತ್?"

"ಇಲ್ಲ ಮಾರಾಯ್ತಿ, ತುಂಬಿದ್ದನ್ನ ವಾಪಸ್ ತಗೊಂಡು ಹೋದ."

"ಒಳ್ಳೇದು. ಆದರೂ ಅವನ ಕಡೆ ಸ್ವಲ್ಪ ವಾಲಿದ ಹಾಗೆ ಕಾಣ್ತೀಯ. ಕೂತ್ಕೋ, ಸಮ ಆಗೋ ಅಷ್ಟು ಮಾತ್ರ ಹೇಳ್ತೀನಿ." ವಿಲ್ಮಾ ಗಡಿಯಾರ ನೋಡಿಕೊಂಡು ನಾಲ್ಕು ನಿಮಿಷ ಮಾತಾಡಿ, ಹೇಳುತ್ತಿದ್ದ ವಾಕ್ಯ ಮುಗಿಯುವ ಮೊದಲೇ ಎದ್ದು ಹೋದರು.

ಸಮಿತಿಯೂ ಕೈಕಟ್ಟಿ ಕೂರಲಿಲ್ಲ. ಟೀವಿಯಲ್ಲಿ ಚರ್ಚೆ ಬಂದಾಗಲೆಲ್ಲ ಪಕ್ಷಕ್ಕೊಬ್ಬರಂತೆ ಇಬ್ಬರು ಸ್ವಯಂಸೇವಕರು ಎಲ್ಸ್‌ಪೆತಳ ಮನೆಗೆ ಹೋಗಿ ಟೀವಿ ಆರಿಸತಕ್ಕದ್ದು ಎಂದು ನಿಯಮವಾಯಿತು. ಆಕೆ ಅಂಗಡಿಗೆ ಹೋದರೆ ಜನ ಸ್ವಾತಂತ್ರ್ಯದ ಮಾತು ನಿಲ್ಲಿಸಿ ಹವಾಮಾನ ಮಾತಾಡುತ್ತಿದ್ದರು. ತನ್ನ ಕೈಮಾ ಕಳಪೆ ಎಂದ ಶಾಲಾ ಇನ್‌ಸ್ಪೆಕ್ಟರನ್ನೇ ಅಡುಗೆಮನೆಯಿಂದ ಓಡಿಸಿದ ಹೆಂಗಸು ಅವಳು. ದೇಶಕ್ಕೆ ದೇಶವೇ ಬಾಯಿಗೆ ಬಂದಂತೆ ಮಾತಾಡುತ್ತಿರುವಾಗ ಅವಳೊಬ್ಬಳಿಗೆ ಅಭಿಪ್ರಾಯ ಇರುವಂತಿಲ್ಲ. ಎಷ್ಟು ಸಂಕಟವಾಯಿತೆಂದರೆ, ಒಂದು ಮಧ್ಯಾಹ್ನ ಹಿತ್ತಲಿಗೆ ಹೋಗಿ, ಒಗೆದು ಒಣಹಾಕಿದ ಬೆಡ್‌ಶೀಟಿನ ಎದುರು ನಿಂತು, ತನ್ನ ಅಭಿಪ್ರಾಯವನ್ನು ಕಾರಣಸಹಿತ ಹೇಳಿಬಂದಳು. ಬೆಡ್‌ಶೀಟು ಆಕ್ಷೇಪಿಸಲಿಲ್ಲ.

ಸೆಪ್ಟೆಂಬರ್ ಹದಿನೆಂಟು, ಗುರುವಾರ, ಮತದಾನ. ಎಲ್ಸ್‌ಪೆತ್ ಬೆಳಗ್ಗೆ ಹನ್ನೊಂದಕ್ಕೆ ಹೋದಾಗ ಊರಿನ ಮುಕ್ಕಾಲು ಪಾಲು ಮತಗಟ್ಟೆಯ ಗೇಟಿನ ಬಳಿ ಇತ್ತು. ಪರದೆಯ ಹಿಂದೆ ಹೋದವಳು ಎರಡು ಸೆಕೆಂಡಿನಲ್ಲಿ ಗುರುತು ಹಾಕಿ ಮುಗಿಸಿದಳು. ಬೇಗ ಹೊರಬಂದರೆ ನಿರ್ಧಾರ ಮಾಡಿದ ಹಾಗೆ ಕಾಣುತ್ತದಲ್ಲ, ಅದಕ್ಕೆ ಉಳಿದ ಹತ್ತು ನಿಮಿಷ ಪೆನ್ಸಿಲ್ಲಿಗೆ ಕಟ್ಟಿದ ದಾರದ ಗಂಟು ಎಣಿಸುತ್ತಾ ನಿಂತಳು.

"ದಾಖಲೆಗೋಸ್ಕರ ಕೇಳ್ತಿದೀನಿ," ಎಂದರು ಹೊರಗೆ ನಿಂತ ಕ್ರಾಂಬಿ, ಎಲ್ಲರಿಗೂ ಕೇಳುವಂತೆ. "ನಿರ್ಧಾರ ಆಯ್ತಾ ಶ್ರೀಮತಿ ಟುಲ್ಲಕ್?"

"ಇನ್ನೂ ಯೋಚಿಸ್ತಾ ಇದೀನಿ."

ನೀಲಿ ಬ್ಯಾಡ್ಜಿನವರೂ ಕೆಂಪು ಬ್ಯಾಡ್ಜಿನವರೂ ಒಟ್ಟಿಗೆ ಚಪ್ಪಾಳೆ ತಟ್ಟಿದರು. ಎರಡು ವರ್ಷದ ಪ್ರಚಾರದಲ್ಲಿ ಇಬ್ಬರೂ ಒಪ್ಪಿದ್ದು ಅದೊಂದೇ.

ಮರುದಿನ ಬೆಳಗ್ಗೆ ಫಲಿತಾಂಶ ಬಂತು. ದೇಶ ಬೇಡ ಎಂದಿತು. ಡೂಗಲ್ಡ್ ಅತ್ತು ಕೆಂಪಾದ ಕಣ್ಣಿನಲ್ಲೇ ಅಂಗಡಿ ತೆರೆದ. ಎಂದೂ ಮಾಂಸದ ಪೈ ತಿನ್ನದ ವಿಲ್ಮಾ ಬಂದು ನಾಲ್ಕು ಪೈ ಕೊಂಡರು, ಗೆದ್ದ ಮಾತು ಎತ್ತಲಿಲ್ಲ, "ಚಳಿ ಶುರುವಾಯ್ತು ಕಣೋ ಡೂಗಲ್ಡ್" ಎಂದಷ್ಟೇ ಹೇಳಿ ಹೋದರು. ಅವನು ಒಳಗೆ ಹೋಗಿ ಮೂಗು ಒರೆಸಿಕೊಂಡ.

ಅಕ್ಟೋಬರ್ ಕೊನೆಗೆ ಕೌನ್ಸಿಲ್ಲಿನ ಸಾರಿಗೆ ಅಧಿಕಾರಿ ಖುದ್ದಾಗಿ ವಿಚಾರಣೆಗೆ ಬಂದರು. ಅವರ ಕಾರು ಕೆಟ್ಟಿದ್ದರಿಂದ ಎಂಬತ್ತಾರರಲ್ಲಿ ಬಂದರು.

"ಮತದಾನ ಮುಗಿದು ಆರು ವಾರ ಆಯ್ತು. ತಾವು ಇನ್ನೂ ನಿರ್ಧರಿಸಿಲ್ಲವೆ?"

"ದೇಶದ ವಿಷಯ ಸ್ವಾಮಿ. ಆತುರ ಪಡೋಕಾಗತ್ತಾ?"

"ಆದರೆ ತಾವು ಮತ ಹಾಕಿದ್ದೀರಿ ಎಂದು ಪಟ್ಟಿಯಲ್ಲಿದೆ."

"ಹಾಕಿದೀನಿ. ನಿರ್ಧಾರ ಮಾಡಿಯೇ ಹಾಕಬೇಕು ಅಂತ ಕಾನೂನಲ್ಲಿ ಎಲ್ಲಾದರೂ ಇದೆಯಾ?"

ಅಧಿಕಾರಿ ಕಾನೂನಿನ ಪುಸ್ತಕ ತೆಗೆದು ಚಹಾ ಆರುವವರೆಗೆ ಹುಡುಕಿದರು. ಇರಲಿಲ್ಲ. ಹಾಗೆ ಇದ್ದಿದ್ದರೆ ಚುನಾವಣೆಗಳೇ ನಡೆಯುತ್ತಿರಲಿಲ್ಲ ಎಂದು ಅವರೇ ಒಪ್ಪಿದರು. ಕಡತದಲ್ಲಿ 'ಪರಿಶೀಲನೆಯಲ್ಲಿದೆ' ಎಂದು ಬರೆದು, ಕೊನೆಯ ಬಸ್ಸು ಎಷ್ಟಕ್ಕೆ ಎಂದು ವಿಚಾರಿಸಿದರು.

ಅಂದಿನಿಂದ ಊರು ಎಲ್ಸ್‌ಪೆತಳನ್ನು ಜೋಪಾನ ಮಾಡುತ್ತಿದೆ. ಅವಳು ಸೀನಿದರೆ ಎರಡೂ ಪಕ್ಷದಿಂದ ಸಮ ಪ್ರಮಾಣದಲ್ಲಿ ಸೂಪು ಬರುತ್ತದೆ. ನಿಯಮ ಹದಿನಾಲ್ಕಕ್ಕೆ ತಿದ್ದುಪಡಿಯಾಗಿ, ಗ್ರಾಮದಲ್ಲಿ ಸದಾಕಾಲ ಒಬ್ಬರು ನಿರ್ಧರಿಸದೆ ಇರತಕ್ಕದ್ದು ಎಂದಾಗಿದೆ. ಯಾರಿಗೂ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ.

ಕಾಣುತ್ತಿದ್ದರೆ ನೆಟ್ಟಾಗೆ ಮಾತ್ರ. ಅವಳು ಪಕ್ಕಾ ಹೌದು ಪಕ್ಷ. ಸೋತ ಮೇಲೂ ಸ್ವೆಟರಿನಿಂದ ಬ್ಯಾಡ್ಜು ತೆಗೆದಿರಲಿಲ್ಲ. ಪ್ರತಿ ಮಂಗಳವಾರ, ಪ್ರತಿ ಶುಕ್ರವಾರ ಅದೇ ಪ್ರಶ್ನೆ. ನವೆಂಬರಿನ ಒಂದು ಮಂಗಳವಾರ ಅವಳು ಊಟದ ತಟ್ಟೆ ಪಕ್ಕಕ್ಕೆ ತಳ್ಳಿದಳು.

"ಎಲ್ಸಿ, ಊರಿಗೆ ಸುಳ್ಳು ಹೇಳು. ನಾನು ಒಡಹುಟ್ಟಿದವಳು ಕಣೇ. ಯಾವುದಕ್ಕೆ ಹಾಕಿದೆ?"

ಎಲ್ಸ್‌ಪೆತ್ ಕುರ್ಚಿ ಹತ್ತಿರ ಎಳೆದುಕೊಂಡಳು. "ನಿನ್ನ ಹತ್ರ ಮುಚ್ಚಿಡೋಕಾಗಲ್ಲ ಅಕ್ಕ. ಹೊಟ್ಟೆ ಉಬ್ಬಿ ಹೋಗ್ತಿದೆ. ಕೌನ್ಸಿಲ್ಲು ಏನಂದಿದೆ ಅಂದ್ರೆ, ನಾನು ನಿರ್ಧಾರ ಮಾಡೋವರೆಗೆ ಮಾತ್ರ ಬಸ್ಸು. ಹಾಳಾಗ್ಲಿ, ನಿನಗೆ ಹೇಳ್ತೀನಿ. ನಾನು ಜೂನ್ ತಿಂಗಳಲ್ಲೇ..."

ನೆಟ್ಟಾಳ ಕೈ ಸಟಕ್ಕನೆ ಬಂದು ತಂಗಿಯ ಬಾಯಿ ಮುಚ್ಚಿತು. ಆ ಕೈಯಲ್ಲಿ ಅಷ್ಟು ಬಲ ಇನ್ನೂ ಇದೆಯೆಂದು ಅಲ್ಲಿನ ನರ್ಸುಗಳಿಗೂ ಗೊತ್ತಿರಲಿಲ್ಲ. ಅವಳು ಬಾಗಿಲ ಕಡೆ ನೋಡಿದಳು, ಕಿಟಕಿಯ ಕಡೆ ನೋಡಿದಳು.

"ಜೂನಿನಲ್ಲಿ ಆಲೂಗಡ್ಡೆ ಚೆನ್ನಾಗಿತ್ತು," ಎಂದಳು ಗಟ್ಟಿಯಾಗಿ. "ಅಷ್ಟೇ ತಾನೇ?"

ಎಲ್ಸ್‌ಪೆತ್ ತಲೆಯಾಡಿಸಿದಳು. ನೆಟ್ಟಾ ಕೈ ತೆಗೆದು, ತಳ್ಳಿದ ತಟ್ಟೆಯನ್ನು ಮತ್ತೆ ಎಳೆದುಕೊಂಡಳು.

"ಶುಕ್ರವಾರ ಬರ್ತೀಯಾ?"

"ಇನ್ನೂ ನಿರ್ಧಾರ ಮಾಡಿಲ್ವಲ್ಲ ಅಕ್ಕ," ಎಂದಳು ಎಲ್ಸ್‌ಪೆತ್. "ಬರ್ತೀನಿ."