ಒಂದು ಕಿವಿ, ಎರಡು ಮನೆತನ

ಮನುಷ್ಯನ ದೇಹದಲ್ಲಿ ಯಾರು ಬೇಕಾದರೂ ಅಧಿಕಾರ ಚಲಾಯಿಸಬಹುದಾದ ಅಂಗವೆಂದರೆ ಕಿವಿಯೊಂದೇ ಎಂದು ನನಗೆ ಬಹುಕಾಲದಿಂದ ಅನ್ನಿಸಿದೆ. ಕಣ್ಣು ಕೆಂಪಾದರೆ ಜನ ದೂರ ನಿಲ್ಲುತ್ತಾರೆ. ಹಲ್ಲು ನೋವೆಂದರೆ ಬಾಯಿಗೆ ಕೈ ಹಾಕಲು ಹೆದರುತ್ತಾರೆ. ಕಿವಿ ನೋವು ಎಂದಿರೋ, ಬೀದಿಯಲ್ಲಿ ಹೋಗುವವರೂ ಎಣ್ಣೆ ಕಾಯಿಸಲು ಒಳಗೆ ಬರುತ್ತಾರೆ. ಆ ಕಿವಿ ಬಸುರಿಯದಾದರಂತೂ ಅದು ಎರಡು ಮನೆತನಗಳ ಜಂಟಿ ಆಸ್ತಿ.

ಕುಬುಸದ ಶಾಸ್ತ್ರ ಮುಗಿಸಿಕೊಂಡು ಮಗಳು ಶಿಲ್ಪಾ ಹರಿಹರದ ಅತ್ತೆಮನೆಯಿಂದ ದಾವಣಗೆರೆಗೆ, ನಿಟ್ಟುವಳ್ಳಿಯ ನಮ್ಮ ಮನೆಗೆ ಬಂದಿದ್ದಳು. ತವರಿಗೆ ಬಂದ ಬಸುರಿಗೆ ತಲೆತುಂಬ ಎಣ್ಣೆ ತಿಕ್ಕಿ ಹಂಡೆಗಟ್ಟಲೆ ನೀರು ಸುರಿಯದಿದ್ದರೆ ನನ್ನ ಹೆಂಡತಿಗೆ ಸಮಾಧಾನವಿಲ್ಲ. ಹಾಗೆ ಸುರಿದ ನೀರು ಬಲಗಿವಿಯಲ್ಲಿ ನಿಂತಿತು. ಕೆರೆತವೆಂದು ಮಗಳು ಅದಕ್ಕೆ ಹೇರ್‌ಪಿನ್ ಹಾಕಿದಳು. ಆಮೇಲೆ ಕಿವಿ ಮುಟ್ಟಿದರೆ ಚೀರುವ ಹಾಗಾಯಿತು; ಒಳಗೆ ಮುಚ್ಚಿಕೊಂಡು ಕೇಳಿಸದಾಯಿತು; ರೊಟ್ಟಿ ಅಗಿಯಲೂ ಆಗದು. ಗುಳಿಗೆ ಎಂದರೆ ಸಾಕು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, “ಬ್ಯಾಡ ಅಪ್ಪಾಜಿ, ಕೂಸಿಗೆ ಏನಾದ್ರೂ ಆದ್ರ?” ಎನ್ನುತ್ತಿದ್ದಳು. ಅದಕ್ಕೆ ಉತ್ತರ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಮುಖದಲ್ಲಿ ತೋರಿಸದಿರುವುದು ತಂದೆಯಾದವನ ಕರ್ತವ್ಯವಾದ್ದರಿಂದ, ಗಂಭೀರವಾಗಿ ಪೇಪರ್ ಓದಿದೆ.

ಸುದ್ದಿ ತಿಳಿದ ಬೀಗಿತಿ, ಅಂದರೆ ಮಗಳ ಅತ್ತೆ, ಹರಿಹರದಿಂದ ಬಸ್ ಹತ್ತಿ ಬಂದರು. ಕೈಯಲ್ಲಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯ ಬಾಟಲಿ. ನನ್ನ ಹೆಂಡತಿ ಆಗಲೇ ಈರುಳ್ಳಿ ರಸ ಹಿಂಡಿಟ್ಟಿದ್ದಳು.

“ಈರುಳ್ಳಿ ಉರಿತೈತೆ ಕಣ್ರಿ. ನಮ್ಮನ್ಯಾಗ ಎಲ್ಲಾರಿಗೂ ಇದೇ ಎಣ್ಣಿ,” ಎಂದರು ಬೀಗಿತಿ.

“ಅದಕ್ಕೇ ಏನ್ರಿ, ನಿಮ್ಮನ್ಯಾಗ ಯಾರನ್ನ ಕೂಗಿದ್ರೂ ಓಗೊಡಂಗಿಲ್ಲ?” ಎಂದಳು ನನ್ನ ಹೆಂಡತಿ, ಮರ್ಯಾದೆಗೆ ಎಳ್ಳಷ್ಟೂ ಕೊರತೆ ಬಾರದಂತೆ.

ತೀರ್ಪಿಗಾಗಿ ಇಬ್ಬರೂ ನನ್ನ ಕಡೆ ತಿರುಗಿದರು. ಬೀಗತನ ಕೆಡಬಾರದಲ್ಲ, ಎರಡನ್ನೂ ಒಂದೊಂದು ಹನಿ ಹಾಕಬಹುದೆಂದೆ. ಮಗಳು ಎದ್ದು ಚಪ್ಪಲಿ ಮೆಟ್ಟಿದಳು. “ಆಟೋ ಕರೀರಿ ಅಪ್ಪಾಜಿ.”

ಮನೆಯಲ್ಲಿ ಉಳಿಯಲು ಯಾರೂ ಒಪ್ಪದ್ದರಿಂದ ಒಂದೇ ಆಟೋದಲ್ಲಿ ನಾಲ್ವರೂ ಹೋದೆವು. ಕಿವಿಯ ಡಾಕ್ಟರಮ್ಮ ದೀಪ ಹಿಡಿದು ನೋಡಿ, “ಪರದೆ ಸರಿ ಐತಮ್ಮ. ಸೋಂಕು ಹೊರಗಿನ ನಾಳದಾಗ ಅಷ್ಟೇ,” ಎಂದು ಒಳಗಿನ ಕೊಳೆಯನ್ನು ಮೆಲ್ಲಗೆ ತೆಗೆದರು. ಮಗಳು ಕೂಸಿನ ಅದೇ ಪ್ರಶ್ನೆ ಕೇಳಿದಳು.

“ಬಸುರ್ಯಾರಿಗೆ ನಡೆಯೋ ಹನೀನೇ ಬರ್ದೀನಿ. ಅದು ಕಿವ್ಯಾಗ ಕೆಲಸ ಮಾಡ್ತೈತೆ, ಕೂಸಿನ ತನಕ ಹೋಗೋದು ಇಲ್ಲ ಅನ್ನೋವಷ್ಟು ಕಡಿಮಿ. ನೋವಿಗೆ ಪ್ಯಾರಸಿಟಮಾಲ್, ನಾ ಹೇಳಿದಷ್ಟೇ. ಬ್ಯಾರೆ ನೋವಿನ ಗುಳಿಗಿ ಕೇಳ್ದೆ ತಗೋಬ್ಯಾಡ. ಜ್ವರ ಬಂದ್ರ, ನೋವು ಇಳೀಲಿಲ್ಲ ಅಂದ್ರ ತಿರುಗಿ ಬಾ. ಕಿವಿಗೆ ನೀರು, ಎಣ್ಣಿ, ರಸ, ಪಿನ್ನು ಯಾವ್ದೂ ಬ್ಯಾಡ,” ಎಂದು ಹೇಳಿ ಡಾಕ್ಟರಮ್ಮ ನಮ್ಮೆಲ್ಲರನ್ನೂ ಒಂದೇ ನೋಟದಲ್ಲಿ ನೋಡಿದರು. ಶಿಲ್ಪಾ ಎಷ್ಟೋ ದಿನದಿಂದ ಹಿಡಿದಿದ್ದ ಉಸಿರು ಬಿಟ್ಟಳು. ನಾನೂ ಬಿಟ್ಟೆ, ಸದ್ದಾಗದಂತೆ. ಎರಡು ಮನೆತನಗಳೂ ಆ ಔಷಧವನ್ನು ಸಂತೋಷದಿಂದ ಒಪ್ಪಿಕೊಂಡವು. ಅದು ಎದುರು ಮನೆತನದ್ದಲ್ಲವಲ್ಲ.

ಹನಿ ಹಾಕಿಸಿಕೊಂಡು ಸ್ವಲ್ಪ ಹೊತ್ತು ಮಗ್ಗುಲಾಗಿ ಮಲಗಿರಬೇಕಿತ್ತು. ಅವಳು ಎದ್ದುಬಿಡದಂತೆ ನೋಡಿಕೊಳ್ಳುವ ಜವಾಬ್ದಾರಿ ನನ್ನದು. ಮೂರು-ನಾಲ್ಕು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ, ಪಕ್ಕದ ಕುರ್ಚಿಯಲ್ಲಿ ಕೂತು ಆ ಹೊಣೆಯ ಗುರುತ್ವವನ್ನು ಕಣ್ಣು ಮುಚ್ಚಿ ಚಿಂತಿಸುತ್ತಿದ್ದೆ. ಕಣ್ಣು ಬಿಟ್ಟಾಗ ಮಗಳು ಹಾಗೇ ಮಲಗಿಕೊಂಡು ನಗುತ್ತಿದ್ದಳು.

“ಈಗರ ಏಳಲಾ ಅಪ್ಪಾಜಿ?”

“ನೋವು ಹೆಂಗೈತವ್ವ?”

“ಹೋಗೈತೆ. ಕಿವೀನೂ ಬಿಟ್ಟೈತೆ. ನಿಮ್ಮ ಗೊರಕಿ ಈ ಕಿವಿಗೂ ಸ್ವಚ್ಛ ಕೇಳ್ತೈತೆ.”

ನಮ್ಮ ಮನೆಯಲ್ಲಿ ನನ್ನ ಗೊರಕೆಯನ್ನು ಕೇಳಿ ಒಬ್ಬರಿಗಾದರೂ ಸಂತೋಷವಾದದ್ದು ಅದೇ ಮೊದಲು.