ಎಂಟು ಪುಟದ ಫಾರಂ ಮತ್ತು ನನ್ನ ಬಲಭುಜ

"ಒಂದೇ ವಾರ! ಅಷ್ಟರಲ್ಲಿ ಈ ಭುಜವನ್ನ ದಾರಿಗೆ ತರದಿದ್ರೆ ನಾನು ಗಣಿತದ ಮೇಷ್ಟ್ರೇ ಅಲ್ಲ!" ಎಂದು ಊಟಕ್ಕೆ ಕೂತಾಗ ಘೋಷಿಸಿದೆ.

"ಆಮೇಲೆ ಏನಾಗ್ತೀರಿ?" ಎಂದಳು ಹೆಂಡತಿ.

ನನ್ನ ಬಲಗೈ ಭುಜಕ್ಕಿಂತ ಮೇಲೇಳುವುದನ್ನು ನಿಲ್ಲಿಸಿ ಎರಡು ತಿಂಗಳಾಗಿತ್ತು. ಕಪ್ಪುಹಲಗೆಯ ಮೇಲರ್ಧ ನನ್ನ ಪಾಲಿಗೆ ಪರದೇಶ! ಲೆಕ್ಕವನ್ನೆಲ್ಲ ಕೆಳಗೇ ಗೀಚುತ್ತಿದ್ದೆ. ಹಿಂದಿನ ಬೆಂಚಿನವರು ಪಾಠ ಮುಗಿಯುವ ತನಕ ನಿಂತೇ ಇರುತ್ತಿದ್ದರು. ಹೀಗೇ ಆದರೆ ಪರೀಕ್ಷೆಗೆ ಮುಂಚೆ ನನ್ನ ತರಗತಿಯನ್ನು ಬೇರೆಯವರಿಗೆ ಕೊಡುವುದಾಗಿ ಹೆಡ್‌ಮೇಷ್ಟ್ರು ಹೇಳಿಯಾಗಿತ್ತು.

ಫಿಸಿಯೋಥೆರಪಿಸ್ಟ್ ನನ್ನ ಭುಜ ಮುಟ್ಟಿ ನೋಡಿ, ಎಂಟು ಪುಟದ ಫಾರಂ ಕೈಗಿತ್ತರು. "ನಾನು ಬರೀ ಭುಜಕ್ಕೆ ಚಿಕಿತ್ಸೆ ಕೊಡಲ್ಲ ಮೇಷ್ಟ್ರೇ, ಇಡೀ ಮನುಷ್ಯನಿಗೆ ಕೊಡ್ತೀನಿ. ನಿದ್ದೆ, ಕೋಪ, ಚಿಂತೆ, ಮನೆಗೆಲಸ, ಎಲ್ಲಾ ಬರೀರಿ."

ನಿದ್ದೆಯ ಬಗ್ಗೆ ನಿಜವನ್ನೇ ಬರೆದೆ. ಕೋಪದ ಬಗ್ಗೆಯೂ ಅರ್ಧ ನಿಜ. ಆಮೇಲೆ ಬಂತು ನೋಡಿ ಐದನೇ ಪುಟ, 'ಮನೆಯಲ್ಲಿ ನೀವು ಮಾಡುವ ಕೆಲಸಗಳು'! ಇಡೀ ಪುಟ ಖಾಲಿ ಬಿಟ್ಟರೆ ಮರ್ಯಾದೆ ಉಳಿದೀತೆ? ಗುಡಿಸುವುದು, ಒರೆಸುವುದು, ಪಾತ್ರೆ, ಬಟ್ಟೆ, ಅಡುಗೆ, ಎಲ್ಲಕ್ಕೂ ಟಿಕ್ ಹಾಕಿದೆ. ಕೆಳಗೆ 'ಪ್ರತಿದಿನ, ಸಂತೋಷದಿಂದ' ಎಂದೂ ಸೇರಿಸಿದೆ.

ಓದಿದವರೇ ಕಣ್ಣರಳಿಸಿದರು. "ನಾಳೆ ನಿಮ್ಮನೆಗೇ ಬರ್ತೀನಿ. ಇಷ್ಟೆಲ್ಲಾ ಹೇಗೆ ಬಗ್ಗಿ, ಹೇಗೆ ನಿಂತು ಮಾಡ್ತೀರಿ ಅಂತ ನೋಡ್ಬೇಕು!"

ಮನೆಗೆ ಬಂದು ಹೆಂಡತಿಯ ಮುಂದೆ ತಪ್ಪೊಪ್ಪಿಕೊಂಡೆ. "ನೀನು ಸುಮ್ನೆ ಕೂತಿರು, ಬಾಯಿ ಬಿಡ್ಬೇಡ, ಅಷ್ಟು ಸಾಕು."

"ಸುಮ್ನೆ ಕೂತಿರೋದಾ? ನಾನಾ? ನಿಮ್ಮ ಬಾಯಲ್ಲಿ ಈ ಮಾತು ಕೇಳೋಕೆ ಇಷ್ಟು ವರ್ಷ ಬೇಕಾಯ್ತಲ್ಲ ರೀ!"

ಮರುದಿನ ಥೆರಪಿಸ್ಟ್ ಬಂದರು. "ಗುಡಿಸಿ ತೋರಿಸಿ."

ಪೊರಕೆ ಎಲ್ಲಿ? ಬಾಗಿಲ ಹಿಂದೆ ಹುಡುಕಿದೆ, ಮಂಚದ ಕೆಳಗೆ ಹುಡುಕಿದೆ, ಕೊನೆಗೆ ಬೀರುವನ್ನೂ ತೆಗೆದು ನೋಡಿದೆ! ಹೆಂಡತಿ ಕೊಟ್ಟ ಮಾತಿನಂತೆ ತುಟಿ ಬಿಚ್ಚಲಿಲ್ಲ. ಪೊರಕೆ ಅವಳು ಕೂತ ಕುರ್ಚಿಗೇ ಒರಗಿತ್ತು.

"ಇರ್ಲಿ, ಪಾತ್ರೆ ತೊಳೀರಿ."

ಡಬ್ಬಿಯಿಂದ ಪುಡಿ ಸುರಿದು ತಿಕ್ಕಿದೆ, ತಿಕ್ಕಿದೆ, ನೊರೆಯೇ ಬರಲೊಲ್ಲದು! ಹೆಂಡತಿಗೆ ತಡೆಯಲಾಗಲಿಲ್ಲ. "ಅಯ್ಯೋ, ಅದು ಹಿಟ್ಟು ಕಣ್ರೀ!" ಎಂದು ಓಡಿಬಂದು ಪಾತ್ರೆ ಕಸಿದುಕೊಂಡಳು. ಮರುಕ್ಷಣವೇ "ಅಮ್ಮಾ!" ಎಂದು ಮಣಿಕಟ್ಟು ಹಿಡಿದುಕೊಂಡಳು.

ಥೆರಪಿಸ್ಟ್ ನನ್ನ ಭುಜವನ್ನು ಮರೆತೇಬಿಟ್ಟರು. "ಎಷ್ಟು ದಿನದಿಂದ ಈ ನೋವು ಮೇಡಂ?"

"ಒಂದು ವರ್ಷ ಆಯ್ತು. ಬಟ್ಟೆ ಹಿಂಡುವಾಗ ಜಾಸ್ತಿ."

ನನ್ನ ಎರಡು ತಿಂಗಳ ನೋವು ಬೀದಿಗೆಲ್ಲ ಗೊತ್ತಿತ್ತು. ಅವಳ ಒಂದು ವರ್ಷದ ನೋವು ದಿನಾ ಎದುರಿಗೆ ಕೂತು ಉಣ್ಣುವ ನನಗೇ ಗೊತ್ತಿರಲಿಲ್ಲ.

"ಈ ಕೈಗೆ ಆರು ವಾರ ಪೂರ್ತಿ ವಿಶ್ರಾಂತಿ," ಎಂದರು ಅವರು. "ಚಿಂತೆ ಬೇಡ, ಮೇಷ್ಟ್ರು ಹೇಗೂ ಎಲ್ಲಾ ಮಾಡ್ತಾರಲ್ಲ, ಪ್ರತಿದಿನ, ಸಂತೋಷದಿಂದ! ಅವರ ಭುಜಕ್ಕೂ ಅದೇ ವ್ಯಾಯಾಮ."

ಗುಡಿಸಿದೆ. ತಿಕ್ಕಿದೆ. ಹಿಂಡಿದ ಬಟ್ಟೆಯನ್ನು ದಿನಕ್ಕೊಂದಿಷ್ಟು ಕೈ ಎತ್ತರಿಸಿ ತಂತಿಗೆ ಹಾಕಿದೆ. ಆರನೇ ವಾರ ಕೈ ಕಪ್ಪುಹಲಗೆಯ ತುದಿ ಮುಟ್ಟಿತು! ಹಿಂದಿನ ಬೆಂಚಿನವರು ಚಪ್ಪಾಳೆ ತಟ್ಟಿ ಕೂತರು. ತರಗತಿ ನನಗೇ ಉಳಿಯಿತು.

ಇಬ್ಬರೂ ಕುಣಿಯುತ್ತ ಥೆರಪಿಸ್ಟ್ ಬಳಿಗೆ ಹೋದೆವು.

"ನಿಮ್ಮ ಕೈ ಹೇಗಿದೆ ಮೇಡಂ?"

"ಎಲ್ಲಿ ವಾಸಿಯಾಗಿದೆ? ಇನ್ನೊಂದು ಆರು ವಾರ ಬೇಕೇನೋ," ಎಂದು ನರಳಿದ ನನ್ನ ಹೆಂಡತಿ, ಅದೇ ಕೈಯಿಂದ ನನ್ನ ಬೆನ್ನಿಗೆ ಫಟೀರೆಂದು ಒಂದು ಬಿಟ್ಟು ಕೇಳಿದಳು, "ಅಲ್ವೇನ್ರೀ?"