ಜಗಳೂರಿಗೆ ಬಾರದ ಫಲಿತಾಂಶ

ಹುಚ್ಚು ಹಿಡಿಸಿಕೊಳ್ಳುವುದೇ ಆದರೆ ಹತ್ತು ಜನಕ್ಕೆ ಹಿಡಿದಿರುವ ಹುಚ್ಚನ್ನೇ ಹಿಡಿಸಿಕೊಳ್ಳಬೇಕು. ಈ ಬುದ್ಧಿ ನನಗೆ ತಡವಾಗಿ ಬಂತು. ಕ್ರಿಕೆಟ್ಟಿನ ಹುಚ್ಚಿರುವವನು ದಾರಿಯಲ್ಲಿ ಹೋಗುವ ಯಾರನ್ನಾದರೂ ತಡೆದು ಸ್ಕೋರ್ ಕೇಳಬಹುದು. ಅವನು ಹೇಳುವುದಷ್ಟೇ ಅಲ್ಲ, ಅರ್ಧ ಗಂಟೆ ನಿಂತು ವಾದವನ್ನೂ ಮಾಡುತ್ತಾನೆ. ನನಗೆ ಹಿಡಿದದ್ದು ಫುಟ್‌ಬಾಲ್. ಭದ್ರಾವತಿಯಲ್ಲಿ ಓದುವಾಗ ಪಕ್ಕದ ರೂಮಿನ ಬಂಗಾಳಿ ಫೋರ್‌ಮನ್ ಒಬ್ಬರು ಅಂಟಿಸಿದ್ದು. ಅವರು ವರ್ಗವಾಗಿ ಹೋದರು, ಹುಚ್ಚು ನನ್ನಲ್ಲೇ ಉಳಿಯಿತು. ಎಂಬತ್ತರ ದಶಕದ ಮೊದಲಲ್ಲಿ ನಾನು ಜಗಳೂರಿನ ಪಶು ಆಸ್ಪತ್ರೆಗೆ ಕಾಂಪೌಂಡರ್ ಆಗಿ ಬಂದಾಗ, ಕಲ್ಕತ್ತೆಯ ತಂಡವೊಂದಕ್ಕಾಗಿ ಉಸಿರು ಬಿಗಿಹಿಡಿದು ಕೂರುವವನು ಇಡೀ ತಾಲ್ಲೂಕಿನಲ್ಲಿ ನಾನೊಬ್ಬನೇ. ಆ ತಂಡದ ಆಟವನ್ನು ಒಮ್ಮೆಯೂ ಕಣ್ಣಾರೆ ಕಂಡವನಲ್ಲ ಎಂಬುದನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ.

ಒಂದು ಭಾನುವಾರ ಮಧ್ಯಾಹ್ನ ಫೈನಲ್ ಪಂದ್ಯ. ಟ್ರಾನ್ಸಿಸ್ಟರಿನ ಹಳೆಯ ಸೆಲ್ಲುಗಳನ್ನು ಬೆಳಗಿನಿಂದ ಬಿಸಿಲಿಗಿಟ್ಟು ಹುರಿದುಂಬಿಸಿದ್ದೆ. ಎರಡೂ ಕಡೆ ಒಂದೊಂದು ಗೋಲು. ಇನ್ನು ಐದು ನಿಮಿಷ ಬಾಕಿ, ನಮ್ಮವನೊಬ್ಬ ಚೆಂಡಿನೊಡನೆ ನುಗ್ಗುತ್ತಿದ್ದಾನೆ ಎನ್ನುವಾಗ ಕಾಮೆಂಟರಿಯವನ ದನಿಗೆ ನೆಗಡಿ ಹಿಡಿದಂತಾಗಿ, ಸಣ್ಣಗಾಗಿ, ನಿಂತೇಹೋಯಿತು. ಸೆಲ್ಲು ಮಾರುವ ಅಂಗಡಿಗೆ ಅಂದು ರಜಾ.

ಮರುದಿನ ಹೆಂಡತಿ ಗಿರಿಜೆಯನ್ನು “ಪೇಪರ್ ಎಲ್ಲಿ?” ಎಂದು ಕೇಳಿದೆ. “ಇವತ್ತು ಬಂದೇ ಇಲ್ಲರೀ” ಎಂದಳು. ವಾಚನಾಲಯಕ್ಕೆ ಓಡಿದೆ. ಅಲ್ಲಿ ಪೇಪರ್ ಇತ್ತು, ಆಟದ ಪುಟವೂ ಇತ್ತು. ಪುಟದ ನಡುವೆ ಅಂಗೈಯಗಲದ ಒಂದು ಕಿಂಡಿ! ಹಿಂಬದಿಯಲ್ಲಿದ್ದ ಕ್ರಿಕೆಟ್ ಆಟಗಾರನ ಫೋಟೋವನ್ನು ಯಾರೋ ಅಭಿಮಾನಿ ಕತ್ತರಿಸಿಕೊಂಡು ಹೋಗಿದ್ದ. ನನ್ನ ಪಾಲಿಗೆ ಉಳಿದದ್ದು ‘ಕಲ್ಕತ್ತ, ಭಾನುವಾರ’ ಎಂಬ ಎರಡೇ ಪದ.

ಆಸ್ಪತ್ರೆಯಲ್ಲಿ ಕುರಿಗಾರ ಓಬಣ್ಣನ ಮುಂದೆ ದುಃಖ ತೋಡಿಕೊಂಡೆ. “ಯಾರ್ ಗೆದ್ರೇನ್ ಸಾರ್, ಮೊದ್ಲು ನಮ್ ಟಗರಿಗೆ ಸೂಜಿ ಹಾಕ್ರಿ” ಎಂದ. ದಾವಣಗೆರೆ ಬಸ್ಸಿನ ಕಂಡಕ್ಟರಿಗೆ ವಿಚಾರಿಸಿಕೊಂಡು ಬರಲು ಹೇಳಿದೆ. ಸಂಜೆ ಆತ ಫುಟ್‌ಬೋರ್ಡಿನ ಮೇಲಿಂದಲೇ ಕೂಗಿದ: “ಕೇಳ್ದೆ ಸಾರ್! ಯಾರೋ ಒಬ್ರು ಗೆದ್ದಾರಂತೆ!”

ಬುಧವಾರ ಗಿರಿಜೆಯ ತಂಗಿ ಸಾವಿತ್ರಿಯನ್ನು ನೋಡಲು ಹೊನ್ನಾಳಿಯಿಂದ ಗಂಡಿನ ಕಡೆಯವರು ಬಂದರು. ತಂದೆತಾಯಿ ಇಲ್ಲದ ಸಾವಿತ್ರಿ ನಮ್ಮ ಮನೆಯಲ್ಲೇ ಇದ್ದಳು. ಹಿಂದೆ ಒಂದು ಸಂಬಂಧ ಬಂದು ತಪ್ಪಿಹೋಗಿತ್ತು. ಹುಡುಗ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು ಎಂದು ತಿಳಿದದ್ದೇ ತಡ, ನಾನು ಗೋತ್ರ ಕೇಳುವುದನ್ನು ಬಿಟ್ಟು, “ಭಾನುವಾರ ಫೈನಲ್ ಯಾರು ಗೆದ್ದರು?” ಎಂದೆ. ಉಪ್ಪಿಟ್ಟಿನ ತಟ್ಟೆ ಹಿಡಿದಿದ್ದ ಹುಡುಗ ಬಾಯಿ ತೆರೆದ. ನನ್ನ ಹೆಗಲಾಚೆ ಅಡುಗೆಮನೆಯ ಬಾಗಿಲ ಕಡೆ ಒಮ್ಮೆ ನೋಡಿದ. “ನಮ್ಮೂರಾಗೂ ಪೇಪರ್ ಬಂದಿಲ್ಲರೀ” ಎಂದ.

“ನಮ್ಮವರೇ ಗೆದ್ದಿರ್ತಾರೆ ಬಿಡ್ರಿ!” ಎಂದು ನಾನು ಎದೆಯುಬ್ಬಿಸಿ, ರೇಡಿಯೋದಲ್ಲಿ ಕೇಳದೇ ಹೋದ ಗೋಲನ್ನು ಎದ್ದುನಿಂತು ಕಾಲೆತ್ತಿ ಹೊಡೆದು ತೋರಿಸಿದೆ. ಎಲ್ಲರೂ ನಕ್ಕರು. ಸಾವಿತ್ರಿಯೂ ನಕ್ಕಳು, ಹುಡುಗ ಅದನ್ನು ಗಮನಿಸಿದ. “ಮನೆತನ ನಗ್‌ನಗ್ತಾ ಐತೆ. ನಮಗೆ ಒಪ್ಪಿಗೆ” ಎಂದರು ಹುಡುಗನ ತಾಯಿ.

ಅವರನ್ನು ಬಸ್ಸು ಹತ್ತಿಸಿ ಬಂದಾಗ ಗಿರಿಜೆ ಟ್ರಂಕಿನ ಸೀರೆಗಳಡಿಯಿಂದ ಸೋಮವಾರದ ಪೇಪರ್ ತೆಗೆದುಕೊಟ್ಟಳು.

“ಸೋತಾರ್ರೀ ನಿಮ್ಮೋರು. ಎರಡು–ಒಂದು.”

“ಮತ್ತೆ ಬಂದಿಲ್ಲ ಅಂದೆಯಲ್ಲೇ!”

“ಹೋದ ಸಲ ಚನ್ನಗಿರಿಯೋರು ಬಂದಾಗ್ಲೂ ಹಿಂಗೇ ಸೋತಿದ್ರು. ನೀವು ಸೂತಕದ ಮನೇರಂಗೆ ಗೋಡೆ ನೋಡ್ತಾ ಕುಂತ್ರಿ. ಈ ಮನ್ಯಾಗೆ ಏನೋ ಐತೆ ಅಂದ್ಕಂಡು ಅವರು ತಿರುಗಿ ನೋಡ್ಲಿಲ್ಲ.”

“ಆ ಹುಡುಗ?”

“ಬ್ಯಾಡ ಅಂತ ಬಾಗಿಲಾಗೆ ನಿಂತು ಕೈ ಮುಗಿದೆ. ಜಾಣ, ತಿಳ್ಕಂಡ.”

ಪೇಪರ್ ಓದಿದೆ. ಕೊನೆಯ ನಿಮಿಷದ ಗೋಲಂತೆ. ನಮ್ಮ ಗೋಲ್‌ಕೀಪರ್ ಚೆಂಡನ್ನು ಕೈಯಲ್ಲಿ ಹಿಡಿದೂ ಬಿಟ್ಟನಂತೆ. ಹೋಗಿ ಜಗಲಿಯ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಸಾವಿತ್ರಿ ಕಾಫಿ ತಂದವಳು ನನ್ನ ಮುಖ ನೋಡಿ ಗಾಬರಿಯಾದಳು. “ಭಾವಾ, ಈ ಸಂಬಂಧ ನಿಮಗೆ ಇಷ್ಟ ಆಗ್ಲಿಲ್ವಾ?”

“ಅವರನ್ನ ಈಗ ಮಾತಾಡಿಸಬ್ಯಾಡ, ನಾಳೆ ಮಾತಾಡ್ಸು” ಎಂದು ಗಿರಿಜೆ ಒಳಗಿನಿಂದ ಕೂಗಿದಳು.

ಆ ಒಂದು ವಿಷಯದಲ್ಲಿ ಮಾತ್ರ ಅವಳ ಲೆಕ್ಕ ತಪ್ಪಿತು. ನಾನು ಬಾಯಿ ಬಿಡುವಾಗ ಶನಿವಾರವಾಗಿತ್ತು.